ಹಾಳಾದ ಒಂದು ವರ್ಷದ ಲೆಕ್ಕ

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ನಮ್ಮ ಮೊಹಲ್ಲಾಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಮುಂದೇನು? ಕಿರಾಣಿ ಅಂಗಡಿಯ ಚಾಚಾ ಕೇಳುತ್ತಾರೆ. ಮಸೀದಿಯಲ್ಲಿ ವುಜೂ ಮಾಡುತ್ತಾ ಕುಳಿತ ಹಿರಿಯರು ಕೇಳುತ್ತಾರೆ. ಮದುವೆ ಮನೆಯಲ್ಲಿ ತಟ್ಟೆಗೆ ಬಿರಿಯಾನಿ ಹಾಕುವವರೂ ಕೈ ತಡೆದು ಕೇಳುತ್ತಾರೆ. ಕೇಳುವವರಿಗೆ ಬರವಿಲ್ಲ. ಆದರೆ ಹುಡುಗನೋ ಹುಡುಗಿಯೋ ತಿರುಗಿ, “ನೀವೇ ಹೇಳಿ, ಯಾವುದನ್ನು ಓದಲಿ?” ಎಂದು ಕೇಳಿದರೆ ಹೆಚ್ಚಿನವರ ಬಳಿ ಎರಡೇ ಉತ್ತರ. ಅಂಕ ಚೆನ್ನಾಗಿದ್ದರೆ ಸೈನ್ಸ್ ತಗೋ. ಇಲ್ಲದಿದ್ದರೆ ಬೇಗ ಮುಗಿಯುವುದು ಯಾವುದಾದರೂ ತಗೋ. ಇದನ್ನು ದಿಕ್ಕು ತೋರಿಸುವುದು ಎನ್ನಲಾಗದು. ಹಾಗೆಂದು ಹೇಳಿದವರನ್ನು ದೂರುವಂತೆಯೂ ಇಲ್ಲ. ಅವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ತಮಗೆ ಗೊತ್ತಿದ್ದ ಎರಡು ದಾರಿಗಳನ್ನು ಪ್ರೀತಿಯಿಂದಲೇ ಹೇಳಿದರು.

ನಾವು ಹತ್ತನೆಯ ತರಗತಿ ಮುಗಿಸಿದ್ದು 1997ರಲ್ಲಿ, ದಾವಣಗೆರೆಯಲ್ಲಿ. ಆ ವರ್ಷದ ಆಗಸ್ಟಿನಲ್ಲಿ ನಮ್ಮೂರು ಚಿತ್ರದುರ್ಗದಿಂದ ಬೇರ್ಪಟ್ಟು ಹೊಸ ಜಿಲ್ಲೆಯ ಕೇಂದ್ರವಾಯಿತು. ಒಂದು ಕಾಲಕ್ಕೆ ಊರಿಗೆ ಹೆಸರು ತಂದಿದ್ದ ಹತ್ತಿ ಗಿರಣಿಗಳ ಕಾಲ ಮುಗಿಯುತ್ತ ಬಂದಿತ್ತು. ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳು ಆ ಹೆಸರನ್ನು ಬೇರೆ ರೀತಿಯಲ್ಲಿ ಉಳಿಸಿಕೊಂಡಿದ್ದವು. ದೂರದೂರದ ಊರುಗಳಿಂದ, ಹೊರ ರಾಜ್ಯಗಳಿಂದಲೂ ಮಕ್ಕಳು ಓದಲು ನಮ್ಮೂರಿಗೆ ಬರುತ್ತಿದ್ದರು. ನಾವಾದರೋ ಅದೇ ಊರಿನ ಇನ್ನೊಂದು ಬದಿಯಲ್ಲಿ, ಮಂಡಕ್ಕಿ ಭಟ್ಟಿಗಳ ಹೊಗೆಯ ಮಗ್ಗುಲಲ್ಲಿ ಬೆಳೆದವರು. ಬಿಸಿ ಮರಳಿನಲ್ಲಿ ಅಕ್ಕಿ ಅರಳುವ ಸದ್ದು ನಮಗೆ ಗೊತ್ತಿತ್ತು. ಆ ದೊಡ್ಡ ಕಾಲೇಜುಗಳ ಗೋಡೆಯಾಚೆ ಏನು ಕಲಿಸುತ್ತಾರೆ, ಅಲ್ಲಿಗೆ ಯಾರು ಹೇಗೆ ಹೋಗುತ್ತಾರೆ ಎಂಬುದು ಗೊತ್ತಿರಲಿಲ್ಲ.

ಒಂದೇ ಓಣಿಯ ಆರೇಳು ಮಂದಿ ನಾವು ಆ ಬೇಸಿಗೆಯಲ್ಲಿ ಪಿಯುಸಿ ಅರ್ಜಿಗಳನ್ನು ತಂದು ಮುಂದಿಟ್ಟುಕೊಂಡೆವು. ಅದರಲ್ಲಿದ್ದ ಅಕ್ಷರಗಳನ್ನು ಓದಿದರೆ ಮಂತ್ರದಂತಿತ್ತು: ಪಿಸಿಎಂಬಿ, ಎಚ್‌ಇಬಿಎ, ಎಚ್‌ಇಪಿಎಸ್. ಅದರಲ್ಲೊಂದು ‘ಬಿ’ ಜೀವಶಾಸ್ತ್ರ, ಇನ್ನೊಂದು ‘ಬಿ’ ವ್ಯವಹಾರ ಅಧ್ಯಯನ ಎಂದು ಬಿಡಿಸಿ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಕೊನೆಗೆ ಆಯ್ಕೆ ಆದದ್ದು ಹೀಗೆ. ಅತಿ ಹೆಚ್ಚು ಅಂಕ ಬಂದವನು ವಿಜ್ಞಾನಕ್ಕೆ, ಏಕೆಂದರೆ ಅಷ್ಟು ಅಂಕವನ್ನು ‘ವ್ಯರ್ಥ’ ಮಾಡಬಾರದು. ಅಪ್ಪನಿಗೆ ಅಂಗಡಿಯಿದ್ದವನು ವಾಣಿಜ್ಯಕ್ಕೆ. ಮಾವ ಸೌದಿಯಲ್ಲಿದ್ದವನು ಐಟಿಐಗೆ, ಎಸಿ ರಿಪೇರಿ ಕಲಿತರೆ ವೀಸಾ ಬೇಗ ಸಿಗುತ್ತದೆಂದು. ಉಳಿದವರು ಕಲಾ ವಿಭಾಗಕ್ಕೆ. ನಾವು ಆ ಉಳಿದವರಲ್ಲಿ ಸೇರಿದವರು. ಯಾರೂ ಯಾರನ್ನೂ, “ನಿನಗೆ ಯಾವುದನ್ನು ಓದುತ್ತ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ?” ಎಂದು ಕೇಳಲಿಲ್ಲ. ಅಂಥ ಪ್ರಶ್ನೆಯೊಂದು ಇದೆ ಎಂಬುದೇ ಗೊತ್ತಿರದ ಕಾಲ ಅದು.

ವಿಜ್ಞಾನಕ್ಕೆ ಹೋದ ಗೆಳೆಯನ ಕತೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಅವನೂ ನಮ್ಮ ಹಾಗೆ ಏಳನೆಯವರೆಗೆ ಉರ್ದು ಶಾಲೆಯಲ್ಲಿ, ಎಂಟರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಪಿಯುಸಿ ವಿಜ್ಞಾನವೋ ಇಂಗ್ಲಿಷಿನಲ್ಲಿ. ಉರ್ದು ಶಾಲೆಯಲ್ಲಿ ‘ಮುಸಲ್ಲಸ್’ ಎಂದು ಕಲಿತದ್ದು ಹೈಸ್ಕೂಲಿನಲ್ಲಿ ‘ತ್ರಿಭುಜ’ವಾಯಿತು, ಕಾಲೇಜಿನಲ್ಲಿ ‘ಟ್ರಯಾಂಗಲ್’ ಆಯಿತು. ‘ಜಾವಿಯಾ’ ಕೋನವಾಗಿ, ಕೋನ ‘ಆಂಗಲ್’ ಆಯಿತು. ಆಕೃತಿ ಅದೇ, ಅಳತೆ ಅದೇ. ಆದರೆ ಉಪನ್ಯಾಸಕರು ಮುಂದಿನ ಸೂತ್ರಕ್ಕೆ ಹೋಗಿ ಮುಟ್ಟಿರುವಾಗ ಇವನು ಇನ್ನೂ ಹಿಂದಿನ ಪದವನ್ನು ಮನಸ್ಸಿನಲ್ಲೇ ತರ್ಜುಮೆ ಮಾಡುತ್ತಿದ್ದ. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡರಲ್ಲೂ ಉಳಿದ. ಹತ್ತನೆಯಲ್ಲಿ ಓಣಿಗೇ ಮೊದಲಿಗನಾಗಿದ್ದವನು ಎರಡು ವರ್ಷದಲ್ಲಿ ದಡ್ಡನಾದನೇ? ಊರು ಹಾಗೆಯೇ ತೀರ್ಮಾನಿಸಿತು. ಭಾಷೆಯ ಮೂರು ಹೊಳೆಗಳನ್ನು ದಾಟಿದ ದಣಿವು ಅಂಕಪಟ್ಟಿಯಲ್ಲಿ ಕಾಣುವುದಿಲ್ಲವಲ್ಲ.

ಇಂಥ ಮಕ್ಕಳು ನಿಯಮಗಳ ಸಂದಿಗೂ ಸಿಕ್ಕಿಬೀಳುತ್ತಾರೆ. ಸಿಇಟಿ ಮೂಲಕ ಸಿಗುವ ವೃತ್ತಿಪರ ಸೀಟುಗಳಲ್ಲಿ ಕನ್ನಡ ಮಾಧ್ಯಮದವರಿಗೆ ಮೀಸಲಾತಿಯಿದೆ. ಬಹಳ ಒಳ್ಳೆಯದು. ಆದರೆ ಅದಕ್ಕೆ ಒಂದರಿಂದ ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲೇ ಓದಿರಬೇಕು. ಅರ್ಧ ಉರ್ದು, ಅರ್ಧ ಕನ್ನಡದಲ್ಲಿ ಓದಿದ ಮಗು ಅದರೊಳಗೆ ಬರುವುದಿಲ್ಲ. ಏಳರ ನಂತರ ಹತ್ತಿರದಲ್ಲಿ ಉರ್ದು ಹೈಸ್ಕೂಲು ಇಲ್ಲದ್ದಕ್ಕೆ ಕನ್ನಡಕ್ಕೆ ಬಂದ ಮಕ್ಕಳು ಎಷ್ಟು ಊರುಗಳಲ್ಲಿಲ್ಲ? ವಿಷಯದ ಆಯ್ಕೆಯ ಬಗ್ಗೆ ಮಾತಾಡುವಾಗ ನಾವು ಆಸಕ್ತಿ, ಪ್ರತಿಭೆ ಎಂಬ ದೊಡ್ಡ ಮಾತುಗಳನ್ನು ಆಡುತ್ತೇವೆ. ಎಂಟನೆಯ ತರಗತಿಗೆ ಯಾವ ಮಾಧ್ಯಮದ ಶಾಲೆ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು ಎಂಬ ಸಣ್ಣ ಸಂಗತಿ ಅವೆರಡಕ್ಕಿಂತ ಮೊದಲೇ ಅರ್ಧ ಆಯ್ಕೆಯನ್ನು ಮುಗಿಸಿರುತ್ತದೆ.

ಗೆಳೆಯನ ಅಬ್ಬಾ ಭಟ್ಟಿಯಲ್ಲಿ ಕೂಲಿಯಾಗಿದ್ದವರು. ಬೈಯಲಿಲ್ಲ, ಹೊಡೆಯಲಿಲ್ಲ. “ಸಾಲ್ ಖರಾಬ್ ನಕ್ಕೋ ಕರ್ ಬಾಬಾ” ಎಂದರು. ವರ್ಷ ಹಾಳು ಮಾಡಬೇಡಪ್ಪಾ. ಈ ಮಾತನ್ನು ನಾವು ಎಷ್ಟು ಮನೆಗಳಲ್ಲಿ ಕೇಳಿಲ್ಲ! ಉಳ್ಳವರ ಮನೆಯಲ್ಲಿ ಹುಡುಗ ತನಗೆ ಒಗ್ಗದ ವಿಷಯ ತೆಗೆದುಕೊಂಡರೆ ಒಂದು ವರ್ಷ ಹೋಗುತ್ತದೆ, ಮುಂದಿನ ಜೂನ್‌ನಲ್ಲಿ ಬೇರೆ ಕಡೆ ಸೇರುತ್ತಾನೆ. ಕೂಲಿಯವರ ಮನೆಯಲ್ಲಿ ಆ ವರ್ಷದ ಜೊತೆ ಓದೇ ಹೋಗುತ್ತದೆ. ಓದದೆ ಕುಳಿತ ಹುಡುಗ ದುಡಿಯಬೇಕು, ದುಡಿಯಲು ನಿಂತವನು ಮತ್ತೆ ಪುಸ್ತಕಕ್ಕೆ ಮರಳುವುದು ಕಷ್ಟ. ಅವನೂ ಭಟ್ಟಿಗೆ ಹೋದ. ಹತ್ತು ತಿಂಗಳು ಮರಳು ಕಾಯಿಸಿದ.

ಅವನನ್ನು ಅಲ್ಲಿಂದ ಎಬ್ಬಿಸಿದ್ದು ಬೀಡಿ ಕಟ್ಟುತ್ತಿದ್ದ ಅವನ ಆಪಾ. “ಏಕ್ ಸಾಲ್ ಮೈಂ ದೇತ್ಯೂಂ ಅಬ್ಬಾ” ಎಂದಳಂತೆ. ಒಂದು ವರ್ಷ ನಾನು ಕೊಡುತ್ತೇನೆ ಎಂದು ಅರ್ಥ. ಅವಳು ಕೊಡುತ್ತೇನೆ ಎಂದದ್ದು ತನ್ನ ಮದುವೆಗೆಂದು ಕೂಡಿಟ್ಟಿದ್ದ ಬೀಡಿ ಕೂಲಿಯನ್ನು. ಅವನು ಮತ್ತೆ ಪಿಯುಸಿ ಕಟ್ಟಿದ, ಈ ಸಲ ಕಲಾ ವಿಭಾಗದಲ್ಲಿ. ಊರು ನಕ್ಕಿತು. ಸೈನ್ಸಿನಿಂದ ಆರ್ಟ್ಸಿಗೆ ಬರುವುದೆಂದರೆ ಮೇಲಿನಿಂದ ಬಿದ್ದಂತೆ ಎಂದು ನಮ್ಮ ಜನ ತಿಳಿದಿದ್ದಾರೆ. ಅವನು ಬೀಳಲಿಲ್ಲ. ಇತಿಹಾಸ ಅವನಿಗೆ ಹಿಡಿಸಿತು. ಉಪನ್ಯಾಸಕರು ಕೊಟ್ಟ ಪಟ್ಟಿಯಾಚೆಗೂ ಓದಿದ. ಬಿಎ, ಬಿಇಡಿ ಮುಗಿಸಿ ಇಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ತನ್ನ ತರಗತಿಯಲ್ಲಿ ಉರ್ದು ಶಾಲೆಯಿಂದ ಬಂದ ಮಕ್ಕಳಿದ್ದರೆ ಪದಗಳನ್ನು ಎರಡೂ ಭಾಷೆಯಲ್ಲಿ ಹಲಗೆಯ ಮೇಲೆ ಬರೆಯುತ್ತಾನೆ.

ಅಕ್ಕಂದಿರು ಕೊಟ್ಟ ಇಂಥ ವರ್ಷಗಳ ಒಂದು ದೊಡ್ಡ ಉದಾಹರಣೆ ನಮ್ಮೆಲ್ಲರ ಕಣ್ಣ ಮುಂದೆಯೇ ಇದೆ. ರಾಮೇಶ್ವರದ ಎ.ಪಿ.ಜೆ. ಅಬ್ದುಲ್ ಕಲಾಂ ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ. ಬಿಎಸ್ಸಿಯ ಕೊನೆಗೆ ಬಂದಾಗ ತಮ್ಮ ಕನಸಿಗೆ ಬೇಕಾದದ್ದು ಈ ವಿಷಯವಲ್ಲ, ಇಂಜಿನಿಯರಿಂಗ್ ಎಂಬುದು ಅವರಿಗೆ ಹೊಳೆಯಿತು. 1955ರಲ್ಲಿ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸೀಟು ಸಿಕ್ಕಿತು. ಶುಲ್ಕಕ್ಕೆ ಹಣವಿರಲಿಲ್ಲ. ಅಕ್ಕ ಜೋಹರಾ ತಮ್ಮ ಚಿನ್ನದ ಬಳೆ, ಸರವನ್ನು ಒತ್ತೆಯಿಟ್ಟು ಹಣ ಕೊಟ್ಟರೆಂದು ಕಲಾಂ ಅವರೇ ಆತ್ಮಕತೆಯಲ್ಲಿ ಬರೆದಿದ್ದಾರೆ. ಸಭೆಗಳಲ್ಲಿ ನಮ್ಮ ಮಕ್ಕಳಿಗೆ ಕಲಾಂ ಅವರ ಕನಸಿನ ಕತೆ ಹೇಳುವವರು ಬಹಳ. ಅವರು ಒಮ್ಮೆ ವಿಷಯ ಬದಲಿಸಿದರು, ಬದಲಿಸಲು ಮನೆಯವರೊಬ್ಬರು ಬೆಲೆ ತೆತ್ತರು ಎಂಬ ಭಾಗವನ್ನು ಹೇಳುವವರು ಕಡಿಮೆ. ಹದಿನೆಂಟರ ಹುಡುಗನಿಗೆ ಹೆಚ್ಚು ಬೇಕಾದದ್ದು ಆ ಭಾಗ.

ಬದಲಿಸದೆಯೂ ತಮ್ಮ ದಾರಿ ಕಂಡುಕೊಂಡವರಿದ್ದಾರೆ. ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ 1959ರಲ್ಲಿ ಸ್ನಾತಕೋತ್ತರ ಪದವಿ ಪಡೆದದ್ದು ಭೂವಿಜ್ಞಾನದಲ್ಲಿ. ಮರುವರ್ಷವೇ ‘ಮನಸು ಗಾಂಧಿ ಬಜಾರು’ ಕವನ ಸಂಕಲನ ಬಂತು. ಮುಂದೆ ಸರ್ಕಾರಿ ಕಾಲೇಜುಗಳಲ್ಲಿ ಕಲ್ಲು ಖನಿಜಗಳ ಪಾಠ ಹೇಳುತ್ತಲೇ ‘ನಿತ್ಯೋತ್ಸವ’ದ ಕವಿಯಾದರು. ಮನೆಮಾತು ಉರ್ದು, ಪಾಠದ ವಿಷಯ ಭೂವಿಜ್ಞಾನ, ಕಾವ್ಯದ ಭಾಷೆ ಕನ್ನಡ. ಕಾಲೇಜಿನಲ್ಲಿ ಆರಿಸಿದ ವಿಷಯವೇ ಮನುಷ್ಯನ ಹಣೆಬರಹ ಎಂದು ಹೆದರುವ ಮಕ್ಕಳಿಗೆ ಅವರ ಬದುಕು ಧೈರ್ಯ ಕೊಡುತ್ತದೆ. ಬಾನು ಮುಷ್ತಾಕ್ ಅವರನ್ನು ನೋಡಿ. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನ್ ಶಾಲೆಗೆ ಸೇರಿಸುವಾಗ ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿತ್ತಂತೆ. ಉರ್ದು ಮನೆಮಾತಿನ ಆ ಹುಡುಗಿ ಮುಂದೆ ವಕೀಲೆಯಾದರು, ಕತೆಗಾರ್ತಿಯಾದರು. 2025ರಲ್ಲಿ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಹೊಸ ಭಾಷೆ ಕಲಿಯಲು ಅವರಿಗೆ ಒಂದು ಗಡುವು ಸಿಕ್ಕಿತ್ತು. ಗಡುವು ಎಂದರೆ ಅವಕಾಶವೂ ಹೌದು.

ನಮ್ಮ ಪಾಲಿಗೆ ಆ ಅವಕಾಶ ಬಂದದ್ದು ಪಕ್ಕದ ಮನೆಯ ಅಣ್ಣನೊಬ್ಬನಿಂದ. ಮನೆಯಲ್ಲಿ ಉರ್ದು ಡೈಜೆಸ್ಟುಗಳ ಕತೆ, ಗ್ರಂಥಾಲಯದಲ್ಲಿ ಕನ್ನಡ ವಾರಪತ್ರಿಕೆಗಳ ಕತೆ ಓದುವುದು ನಮಗೆ ಅಂಟಿದ್ದ ಚಟ. ದೊಡ್ಡವರ ಲೆಕ್ಕದಲ್ಲಿ ಅದು ಕಾಲಹರಣ. ಎರಡನೆಯ ಬಿಎ ಓದುತ್ತಿದ್ದ ಆ ಅಣ್ಣ, “ಇದನ್ನೇ ಓದಿಸುತ್ತಾರೆ ಮಾರಾಯ, ಐಚ್ಛಿಕ ಕನ್ನಡ ಅಂತ ಇದೆ” ಎಂದು ತನ್ನ ಪಠ್ಯಪುಸ್ತಕ ತೋರಿಸಿದ. ಕತೆ ಓದುವುದಕ್ಕೂ ಪದವಿ ಕೊಡುತ್ತಾರೆಂದು ನಮಗೆ ತಿಳಿದದ್ದು ಆಗ. ನಮ್ಮೂರಿನ ಕಾಲೇಜುಗಳು ಆಗ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ದಾವಣಗೆರೆಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 2009ರಲ್ಲಿ. ಮೂರು ವರ್ಷ ನಾವು ಹಳಗನ್ನಡದ ಜೊತೆ ಗುದ್ದಾಡಿದೆವು. ಕಷ್ಟವಾಯಿತು, ಆದರೆ ಬೇಸರವಾಗಲಿಲ್ಲ. ಕಷ್ಟ ಬೇರೆ, ಬೇಸರ ಬೇರೆ ಎಂಬುದನ್ನು ಕಲಿತರೆ ವಿಷಯ ಆರಿಸುವುದರಲ್ಲಿ ಅರ್ಧ ಕೆಲಸ ಮುಗಿದಂತೆ. ನಮಗೆ ದಿಕ್ಕು ತೋರಿಸಿದವನು ಪ್ರೊಫೆಸರನಲ್ಲ, ನಮಗಿಂತ ಎರಡು ಹೆಜ್ಜೆ ಮುಂದಿದ್ದ ಹುಡುಗ.

ನಮ್ಮ ಓಣಿಯ ಒಬ್ಬ ಹುಡುಗಿಗೆ ಆ ಎರಡು ಹೆಜ್ಜೆ ಮುಂದಿನವರೂ ಸಿಗಲಿಲ್ಲ, ಹಾಳು ಮಾಡಲು ಒಂದು ವರ್ಷವೂ ಸಿಗಲಿಲ್ಲ. ಗಣಿತದಲ್ಲಿ ಅವಳು ನಮ್ಮೆಲ್ಲರಿಗಿಂತ ಮುಂದಿದ್ದಳು. ಲೆಕ್ಕ ಬಿಡಿಸಲು ಹುಡುಗರೇ ಅವಳ ತಮ್ಮನ ಕೈಯಲ್ಲಿ ನೋಟ್ಸು ಕಳಿಸುತ್ತಿದ್ದರು. ಅವಳ ಮನೆಯಲ್ಲಿ ಮೊದಲು ತೀರ್ಮಾನವಾದದ್ದು ಕಾಲೇಜು, ಆಮೇಲೆ ವಿಷಯ: ಹೆಣ್ಣುಮಕ್ಕಳದೇ ಆಗಿರಬೇಕು, ನಡೆದು ಹೋಗುವಷ್ಟು ಹತ್ತಿರವಿರಬೇಕು. ಹಾಗಿದ್ದ ಕಾಲೇಜಿನಲ್ಲಿ ಕಲಾ ವಿಭಾಗ ಮಾತ್ರ ಇತ್ತು. ಪಿಯುಸಿ ಮುಗಿದ ಕೂಡಲೇ ಮದುವೆಯಾಯಿತು. ಇಂದು ಓಣಿಯ ಹೆಂಗಸರ ಚೀಟಿ ವ್ಯವಹಾರದ ಲೆಕ್ಕವೆಲ್ಲ ಅವಳ ಕೈಯಲ್ಲಿ. ಇಪ್ಪತ್ತು ಜನರ ಹನ್ನೆರಡು ತಿಂಗಳ ಬಾಕಿಯನ್ನು ಪುಸ್ತಕ ತೆರೆಯದೆ ಹೇಳುತ್ತಾಳೆ. ಕೇಳಿದವರು “ಎಂಥ ನೆನಪು!” ಎಂದು ಮೆಚ್ಚುತ್ತಾರೆ. ಅದು ನೆನಪಲ್ಲ, ಗಣಿತ. 2022ರ ಹಿಜಾಬ್ ವಿವಾದದ ನಂತರ ಇಂಥ ಮನೆಗಳ ಲೆಕ್ಕಕ್ಕೆ ಇನ್ನೊಂದು ಪ್ರಶ್ನೆ ಸೇರಿಕೊಂಡಿತು: ಮಗಳನ್ನು ತಕರಾರಿಲ್ಲದೆ ಒಳಗೆ ಬಿಡುವ ಕಾಲೇಜು ಯಾವುದು? ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಈ ಜಗ್ಗಾಟದಲ್ಲಿ ಹುಡುಗಿಗೆ ಯಾವ ವಿಷಯ ಇಷ್ಟ ಎಂಬುದು ಕೊನೆಯ ಪ್ರಶ್ನೆಯಾಗಿಯಾದರೂ ಬಂದರೆ ಪುಣ್ಯ.

2006ರ ನವೆಂಬರಿನಲ್ಲಿ ಸಂಸತ್ತಿನ ಮುಂದೆ ಬಂದ ಸಾಚಾರ್ ಸಮಿತಿಯ ವರದಿ, ದೇಶದ ಉತ್ತಮ ಕಾಲೇಜುಗಳಲ್ಲಿ ಪದವಿ ತರಗತಿಯ 25 ವಿದ್ಯಾರ್ಥಿಗಳಲ್ಲಿ ಒಬ್ಬರು, ಸ್ನಾತಕೋತ್ತರದ 50 ವಿದ್ಯಾರ್ಥಿಗಳಲ್ಲಿ ಒಬ್ಬರು ಮಾತ್ರ ಮುಸ್ಲಿಮರು ಎಂದು ಹೇಳಿತು. ಆ ವರದಿಯ ನಂತರ ವಿದ್ಯಾರ್ಥಿವೇತನಗಳು ಬಂದವು, ಹಾಸ್ಟೆಲುಗಳು ಎದ್ದವು, ಕರ್ನಾಟಕದಲ್ಲಿ ‘ಅರಿವು’ ಶೈಕ್ಷಣಿಕ ಸಾಲದಂಥ ಯೋಜನೆ ಬಂತು. ಸಂಶೋಧನೆ ಮಾಡುವವರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿದ್ದು ಬೇರೆ ನೋವಿನ ವಿಷಯ. ಇರುವ ಸಹಾಯವನ್ನೇ ಗಮನಿಸಿ. ಅಲ್ಪಸಂಖ್ಯಾತರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಹಿಂದಿನ ಪರೀಕ್ಷೆಯಲ್ಲಿ ಶೇಕಡ 50 ಅಂಕ ಇರಬೇಕು. ನೆಟ್ಟಗೆ ನಡೆಯುವವನಿಗೆ ಊರುಗೋಲು ಸಿಗುತ್ತದೆ, ಎಡವಿದವನಿಗಿಲ್ಲ. ನಮ್ಮ ಸಮುದಾಯದ ಸಂಸ್ಥೆಗಳೂ ಹೀಗೆಯೇ. ರ‍್ಯಾಂಕ್ ಬಂದವರಿಗೆ ಶಾಲು, ಸ್ಮರಣಿಕೆ ಕೊಡುತ್ತೇವೆ. ಫೇಲಾದವನ ಮನೆಗೆ ಹೋಗಿ, “ಇನ್ನೊಂದು ವರ್ಷದ ಖರ್ಚು ನಾವು ನೋಡುತ್ತೇವೆ, ನಿನಗೆ ಒಗ್ಗುವ ವಿಷಯ ಯಾವುದು ಹೇಳು” ಎಂದ ಕಮಿಟಿಯನ್ನು ನಾವಂತೂ ಇನ್ನೂ ಕಂಡಿಲ್ಲ.

ಸರ್ಕಾರ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿಟ್ಟಿದೆ ಎನ್ನಬೇಕು. 2024ರಲ್ಲಿ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ಪರೀಕ್ಷೆ-1, 2, 3 ಎಂದು ಒಂದೇ ವರ್ಷದಲ್ಲಿ ಮೂರು ಅವಕಾಶಗಳು ಬಂದವು. ‘ಸಪ್ಲಿಮೆಂಟರಿ’ ಎಂಬ, ಅವಮಾನದ ವಾಸನೆಯಿದ್ದ ಪದ ಹೋಯಿತು. ಪದವಿಯಲ್ಲಿ ಮಾತ್ರ ಗೊಂದಲ ಹೆಚ್ಚಿತು. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವೆ ಸೇರಿದ ಮಕ್ಕಳು ಅಣ್ಣನ ಅನುಭವ ತಮ್ಮನಿಗೆ ಉಪಯೋಗಕ್ಕೆ ಬರದಂಥ ಸ್ಥಿತಿಯಲ್ಲಿ ಓದಿದರು. ಇನ್ನು ನೀಟ್ ಪರೀಕ್ಷೆಯ ಮಾತು. ಎರಡು ಮೂರು ವರ್ಷ ಕೋಚಿಂಗಿಗೆ ಹಣ ಸುರಿಯಲು ಸಾಲ ಮಾಡುವ ಮನೆಗಳೇ, ಮಗ ಬಿಎಸ್ಸಿ ಬಿಟ್ಟು ಬಿಕಾಂಗೆ ಹೋಗುತ್ತೇನೆಂದರೆ ‘ವರ್ಷ ಹಾಳು’ ಎನ್ನುತ್ತವೆ. ಡಾಕ್ಟರಾಗಲು ಹೋದ ವರ್ಷ ತಪಸ್ಸು, ತನ್ನನ್ನು ಅರಿಯಲು ಹೋದ ವರ್ಷ ಹಾಳು. ಇದು ಯಾವ ನ್ಯಾಯ?

ಹಾಗಾದರೆ ಮಕ್ಕಳಿಗೆ ಏನು ಹೇಳೋಣ? ನಾವು ಕಂಡು ಕೇಳಿದ್ದರಿಂದ ಮೂರು ಮಾತು ಹೇಳಬಹುದು. ಮೊದಲನೆಯದು, ವಿಷಯ ಆರಿಸುವ ಮೊದಲು ಅದರ ಎರಡನೆಯ ವರ್ಷದ ಪಠ್ಯಪುಸ್ತಕವನ್ನು ಯಾರಿಂದಲಾದರೂ ತಂದು ಒಂದು ವಾರ ತಿರುವಿ ಹಾಕಿ. ಅರ್ಥವಾಗದಿರಲಿ, ಚಿಂತೆಯಿಲ್ಲ. ಅರ್ಥ ಮಾಡಿಕೊಳ್ಳಬೇಕೆಂಬ ಆಸೆ ಹುಟ್ಟುತ್ತದೆಯೇ ನೋಡಿ. ಎರಡನೆಯದು, ಅದೇ ವಿಷಯ ಓದುತ್ತಿರುವ ಒಬ್ಬರ ಜೊತೆ, ಅದನ್ನು ಓದಿ ದುಡಿಯುತ್ತಿರುವ ಇನ್ನೊಬ್ಬರ ಜೊತೆ ಮಾತಾಡಿ. ಮೊಬೈಲಿನಲ್ಲಿ ಈಗ ಮಾಹಿತಿ ಬೇಕಾದಷ್ಟಿದೆ, ಆದರೆ ಅದರಲ್ಲಿ ಗೆದ್ದವರ ಮಾತೇ ಹೆಚ್ಚು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಇದು ನನಗೆ ಒಗ್ಗದಿದ್ದರೆ ಹೊರಬರುವ ಬಾಗಿಲು ಎಲ್ಲಿದೆ ಎಂದು ಒಳಗೆ ಹೋಗುವ ಮೊದಲೇ ಕೇಳಿಕೊಳ್ಳಿ.

ಬಾಗಿಲುಗಳು ಇವೆ, ಗೊತ್ತಿರಬೇಕು ಅಷ್ಟೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಪದವಿಗೆ ಕಲೆಗೂ ವಾಣಿಜ್ಯಕ್ಕೂ ಬರಬಹುದು. ಕಲೆ ಓದಿದವರು ವಿಜ್ಞಾನಕ್ಕೆ ಹೋಗುವುದು ಹೆಚ್ಚುಕಡಿಮೆ ಸಾಧ್ಯವಿಲ್ಲ. ಗಣಿತ ಬಿಟ್ಟರೆ ಇಂಜಿನಿಯರಿಂಗ್ ಬಾಗಿಲು ಮುಚ್ಚುತ್ತದೆ, ಇದನ್ನು ಹದಿನಾರರ ಮಗುವಿಗೆ ಮೊದಲೇ ಹೇಳಬೇಕು. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ಯಾವುದೇ ಪದವಿಯ ನಂತರ ಮೂರು ವರ್ಷದ ಕಾನೂನು ಓದಬಹುದು. ದುಡಿಯುತ್ತಲೇ ಓದುವವರಿಗೆ ಮೈಸೂರಿನಲ್ಲಿ 1996ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. ಲೆಕ್ಕದ ಆ ಹುಡುಗಿಗೆ, ಅಂದರೆ ಈಗ ಇಬ್ಬರು ಮಕ್ಕಳ ತಾಯಿಗೆ, ಕಳೆದ ವರ್ಷ ನಮ್ಮ ಮೇಷ್ಟ್ರು ಗೆಳೆಯ ಬಿಕಾಂ ಅರ್ಜಿಯ ವಿಷಯ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, “ಎಷ್ಟು ವರ್ಷ ಹಿಡಿಯುತ್ತದೆ?” ಮೂರು ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೂರು ವರ್ಷ ಹೇಗೂ ಹೋಗುತ್ತದೆ ಭಾಯಿ” ಎಂದಳಂತೆ. ಈಗ ಅವಳ ಮನೆಯಲ್ಲಿ ಮಗಳ ಪುಸ್ತಕಗಳ ಪಕ್ಕ ಅವಳವೂ ಇವೆ.

ದೊಡ್ಡವರಿಗೆ ಹೇಳಬೇಕಾದದ್ದು ಇದಕ್ಕಿಂತ ಚಿಕ್ಕದು. ಫಲಿತಾಂಶ ಬಂದ ಮೇಲಿನ ಮೊದಲ ಶುಕ್ರವಾರ, ಜುಮಾ ನಮಾಜಿನ ನಂತರ ಮಸೀದಿಯ ಅಂಗಳದಲ್ಲೋ ಶಾದಿಮಹಲಿನಲ್ಲೋ ಎರಡು ಗಂಟೆ ಬಿಡುವು ಮಾಡಿಕೊಳ್ಳಲಿ. ಹೆಣ್ಣುಮಕ್ಕಳೂ ತಾಯಂದಿರೂ ಬರುವಂತಿರಲಿ. ಭಾಷಣ ಬೇಡ. ಊರಿನ ನರ್ಸ್, ಸರ್ವೇಯರ್, ಲ್ಯಾಬ್ ಟೆಕ್ನಿಷಿಯನ್, ಕೋರ್ಟ್ ಗುಮಾಸ್ತ, ಕೃಷಿ ಇಲಾಖೆಯವರು, ಅಕೌಂಟೆಂಟ್, ಅನುವಾದಕ, ಯಾವ ಜಾತಿ ಧರ್ಮದವರಾದರೂ ಸರಿ, ಬಂದು ಕುಳಿತು ತಾವು ಏನು ಓದಿದೆವು, ದಿನವೂ ಏನು ಮಾಡುತ್ತೇವೆ, ಎಲ್ಲಿ ದಾರಿ ಬದಲಿಸಿದೆವು ಎಂದು ಹೇಳಲಿ. ಮಕ್ಕಳು ಕೇಳಲಿ. ಜೊತೆಗೆ ಆ ಊರಿನ ಬೈತುಲ್ ಮಾಲ್‌ನಲ್ಲಿ ಒಂದಿಷ್ಟು ಹಣವನ್ನು ಬೇರೆಯೇ ತೆಗೆದಿಡಲಿ: ಮೊದಲು ಹಿಡಿದ ದಾರಿ ಒಗ್ಗದೆ ತಿರುಗಿ ಬಂದ ಮಕ್ಕಳ ಒಂದು ವರ್ಷಕ್ಕಾಗಿ. ಬೀಡಿ ಕಟ್ಟುವ ಒಬ್ಬ ಅಕ್ಕನಿಂದ ಆದದ್ದು ಇಡೀ ಜಮಾಅತ್‌ನಿಂದ ಆಗದೇ ಹೋದೀತೇ?